ಈ ಸಲ ಅಭ್ಯರ್ಥಿಗಳನ್ನು ಬಜೆಟ್ ಬಗ್ಗೆ ಕೇಳಿ: ಅಮೆರಿಕದ ಕನ್ನಡಿಗ ಮತದಾರರಿಗೊಂದು ಬಹಿರಂಗ ಪತ್ರ

ಅಮೆರಿಕದಲ್ಲಿ ವೋಟು ಇರುವ ಎಲ್ಲ ಕನ್ನಡ ಬಂಧುಗಳಿಗೆ,

ನಮಸ್ಕಾರ.

2026ರ ನವೆಂಬರ್ 3ಕ್ಕೆ ಚುನಾವಣೆ. ಹೌಸ್‌ನ 435 ಸೀಟಿಗೂ ಇದೆ, ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಇದೆ. ಅಂದರೆ ಯುಗಾದಿ, ಗಣೇಶ, ರಾಜ್ಯೋತ್ಸವ ಅಂತ ನಾವು ಯಾವ ಸ್ಕೂಲಿನ ಆಡಿಟೋರಿಯಂ ಬಾಡಿಗೆಗೆ ಹಿಡಿದರೂ ಅಲ್ಲಿಗೆ ಒಬ್ಬರಾದರೂ ಅಭ್ಯರ್ಥಿ ಬಂದೇ ಬರುತ್ತಾರೆ. ಶಾಲು ಹೊದೆಸಿಕೊಳ್ಳುತ್ತಾರೆ, ದೀಪ ಹಚ್ಚುತ್ತಾರೆ, ಕಷ್ಟಪಟ್ಟು ‘ನಮಸ್ಕಾರ’ ಅನ್ನುತ್ತಾರೆ. ನಾವು ಜೋರಾಗಿ ಚಪ್ಪಾಳೆ ಹೊಡೆಯುತ್ತೇವೆ. ಪ್ರಶ್ನೆ ಕೇಳಲು ಹೊತ್ತು ಸಿಕ್ಕರೆ ಗ್ರೀನ್ ಕಾರ್ಡ್ ಕ್ಯೂ, ಎಚ್-1ಬಿ, ಭಾರತದ ಜೊತೆ ಸಂಬಂಧ. ಎಲ್ಲ ಕೇಳಬೇಕಾದವೇ. ಆದರೆ ಈ ಸಲ ಇನ್ನೂ ಒಂದು ಕೇಳಿ ಅಂತ ಈ ಪತ್ರ. ಖಜಾನೆಯ ಅಧಿಕಾರವನ್ನು ಸಂವಿಧಾನ ನಿಮ್ಮ ಕೈಗೆ ಕೊಟ್ಟಿದೆ, ನೀವು ಅದನ್ನು ಅಧ್ಯಕ್ಷರ ಸಲಹೆಗಾರರ ಕೈಗೆ ಯಾಕೆ ಬಿಟ್ಟು ಕೂತಿದ್ದೀರಿ ಅಂತ.

ನಮ್ಮಲ್ಲಿ ಜಾಸ್ತಿ ಜನಕ್ಕೆ ಬಜೆಟ್ ಅಂದರೆ ನೆನಪಾಗುವುದು ಫೆಬ್ರವರಿ 1ರ ದೆಹಲಿ. ಹಣಕಾಸು ಸಚಿವರ ಭಾಷಣ, ಯಾವುದು ಅಗ್ಗ ಯಾವುದು ತುಟ್ಟಿ ಅಂತ ಟೀವಿಯಲ್ಲಿ ಪಟ್ಟಿ. ಅಲ್ಲಿ ಬಜೆಟ್ ಲೋಕಸಭೆಯಲ್ಲಿ ಬಿದ್ದರೆ ಸರ್ಕಾರವೇ ಬೀಳುತ್ತದೆ. ಬಹುಮತ ಇರುವ ಸರ್ಕಾರ ಹಾಗೆ ಬೀಳಲು ಬಿಡುವುದಿಲ್ಲ. ಆ ಲೆಕ್ಕದಲ್ಲಿ ಬಜೆಟ್ ಓದಿದರೆ ಬಜೆಟ್ ಆದಂತೆಯೇ. ಇಲ್ಲಿ ಹಾಗಲ್ಲ. ಫೆಬ್ರವರಿಯ ಮೊದಲ ಸೋಮವಾರದೊಳಗೆ ಅಧ್ಯಕ್ಷರು ಕಳಿಸಬೇಕಾದ ಬಜೆಟ್ ಬರೀ ಮನವಿ. (ಆ ಸೋಮವಾರವೂ ಹೆಸರಿಗಷ್ಟೇ. ಬೈಡನ್ ಅವರ ಮೊದಲ ಪೂರ್ತಿ ಬಜೆಟ್ ಬಂದದ್ದು 2021ರ ಮೇ 28ಕ್ಕೆ. ಟ್ರಂಪ್ ಅವರ ಎರಡನೇ ಅವಧಿಯ ಮೊದಲ ಸಂಕ್ಷಿಪ್ತ ಬಜೆಟ್ 2025ರ ಮೇ 2ಕ್ಕೆ.) ದುಡ್ಡು ನಿಜವಾಗಿ ಹೊರಗೆ ಬರಬೇಕಾದರೆ ಕಾಂಗ್ರೆಸ್, ಅಂದರೆ ಹೌಸ್ ಮತ್ತು ಸೆನೆಟ್ ಸೇರಿದ ಇಲ್ಲಿಯ ಸಂಸತ್ತು, ಕಾನೂನು ಮಾಡಬೇಕು. ಸಂವಿಧಾನದ ಮೊದಲ ವಿಧಿ, ಒಂಬತ್ತನೇ ಸೆಕ್ಷನ್ ಹೇಳುವುದು ಇಷ್ಟೇ: ಕಾನೂನಿನ ಪ್ರಕಾರ ಮಂಜೂರಾಗದೆ ಖಜಾನೆಯಿಂದ ದುಡ್ಡು ತೆಗೆಯುವಂತಿಲ್ಲ.

ಹಾಗಾದರೆ ಸಲಹೆಗಾರರು ಎಲ್ಲಿಂದ ಬಂದರು?

1921ರವರೆಗೆ ಅಧ್ಯಕ್ಷರಿಗೆ ತಮ್ಮದೇ ಅಂತ ಒಂದು ಬಜೆಟ್ ಇರಲಿಲ್ಲ. ಒಂದೊಂದು ಇಲಾಖೆಯೂ ತನಗೆ ಬೇಕಾದಷ್ಟು ಬರೆದುಕೊಂಡು ಕಾಂಗ್ರೆಸ್ಸಿನ ಮುಂದೆ ನಿಲ್ಲುತ್ತಿತ್ತು. ಮೊದಲ ಮಹಾಯುದ್ಧದ ಸಾಲ ಏರಿದಾಗ ಇದು ಸಾಕು ಅನ್ನಿಸಿತು. ಅಧ್ಯಕ್ಷ ಹಾರ್ಡಿಂಗ್ 1921ರ ಜೂನ್‌ನಲ್ಲಿ ಸಹಿ ಹಾಕಿದ ಕಾನೂನು ಎರಡು ಕಚೇರಿ ಹುಟ್ಟಿಸಿತು. ಅಧ್ಯಕ್ಷರ ಕಡೆಗೆ ಬಜೆಟ್ ಬ್ಯೂರೋ, ಕಾಂಗ್ರೆಸ್ಸಿನ ಕಡೆಗೆ ಲೆಕ್ಕ ನೋಡಲು ಜಿಎಓ. ಬ್ಯೂರೋಗೆ ಮೊದಲ ನಿರ್ದೇಶಕರಾಗಿ ಬಂದವರು ಚಾರ್ಲ್ಸ್ ಡಾವೆಸ್. ಷಿಕಾಗೋದ ಬ್ಯಾಂಕರ್, ಯುದ್ಧದಲ್ಲಿ ಸೈನ್ಯದ ಸಾಮಾನು ಖರೀದಿ ನೋಡಿಕೊಂಡವರು, ಮುಂದೆ ಉಪಾಧ್ಯಕ್ಷರೂ ಆದರು, ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1922ರಲ್ಲಿ ಸರ್ಕಾರದ ದೊಡ್ಡ ಅಧಿಕಾರಿಗಳ ಸಭೆಗೆ ಡಾವೆಸ್ ಕೈಯಲ್ಲಿ ಪೊರಕೆ ಹಿಡಿದುಕೊಂಡು ಬಂದರು. ತಮಾಷೆ ಅಲ್ಲ, ನಿಜವಾದ ಪೊರಕೆಗಳು. ಯುದ್ಧ ಮುಗಿದಮೇಲೆ ಭೂಸೇನೆಯ ಹತ್ತಿರ ಪೊರಕೆ ರಾಶಿ ರಾಶಿ ಉಳಿದಿತ್ತು. ನೌಕಾಪಡೆಗೆ ಪೊರಕೆ ಬೇಕಿತ್ತು. ಆದರೆ ಇವು ನಮ್ಮ ನಮೂನೆಗೆ ಹೊಂದುವುದಿಲ್ಲ ಅಂತ ನೌಕಾಪಡೆ ಹೊಸದು ಕೊಳ್ಳಲು ಹೊರಟಿತ್ತು. ಡಾವೆಸ್ ಎರಡೂ ಪೊರಕೆಗಳನ್ನು ಎಲ್ಲರ ಎದುರು ಎತ್ತಿ ತೋರಿಸಿ ಕೂಗಾಡಿಬಿಟ್ಟರು. ಎರಡೂ ಗುಡಿಸುತ್ತವೆ ಅಲ್ವಾ, ಇನ್ನೇನು ಬೇಕು ಅನ್ನುವುದು ಅವರ ವಾದ. ಬಜೆಟ್ ಕಚೇರಿ ಅಂದರೆ ಅವರ ಪ್ರಕಾರ ಇದು. ದುಡ್ಡು ಯಾವುದಕ್ಕೆ ಅನ್ನುವುದು ಅವರ ಕೆಲಸ ಅಲ್ಲ. ಆ ದುಡ್ಡು ಸೋರದಂತೆ ನೋಡುವುದು ಅವರ ಕೆಲಸ.

ಇನ್ನೊಂದು ಮಾತನ್ನು ಅವರು ಎಷ್ಟು ಒರಟಾಗಿ ಹೇಳಿದರು ಅಂದರೆ ಇವತ್ತಿಗೂ ವಾಷಿಂಗ್ಟನ್‌ನಲ್ಲಿ ಬಜೆಟ್ ಓದಿಕೊಂಡವರು ಅದನ್ನು ನೆನೆಯುತ್ತಾರೆ. ಶ್ವೇತಭವನದ ಮೆಟ್ಟಿಲ ಮೇಲೆ ಕಸ ಸುರಿಯಬೇಕು ಅಂತ ಕಾಂಗ್ರೆಸ್ ಕಾನೂನು ಮಾಡಿದರೆ, ಆದಷ್ಟು ಜಾಸ್ತಿ ಕಸವನ್ನು ಆದಷ್ಟು ಬೇಗ, ಆದಷ್ಟು ಕಮ್ಮಿ ಖರ್ಚಿನಲ್ಲಿ ಹರಡುವುದು ಹೇಗೆ ಅಂತ ಯಾವ ಪಕ್ಷಪಾತವೂ ಇಲ್ಲದೆ ಸಲಹೆ ಕೊಡುವುದು ಬ್ಯೂರೋದ ಕರ್ತವ್ಯ ಅಂದರು. ಬೇಸರದ ಕರ್ತವ್ಯ, ಆದರೂ ಕರ್ತವ್ಯ.

ಆ ಬ್ಯೂರೋ 1939ರಲ್ಲಿ ಖಜಾನೆ ಇಲಾಖೆಯಿಂದ ಎದ್ದು ಅಧ್ಯಕ್ಷರ ಸ್ವಂತ ಕಚೇರಿಗೆ ಬಂತು. 1946ರಲ್ಲಿ ಪಕ್ಕದಲ್ಲೇ ಮೂವರು ಅರ್ಥಶಾಸ್ತ್ರಜ್ಞರ ಆರ್ಥಿಕ ಸಲಹಾ ಮಂಡಳಿ ಬಂತು. 1970ರಲ್ಲಿ ನಿಕ್ಸನ್ ಬ್ಯೂರೋದ ಹೆಸರು ಬದಲಿಸಿದರು. ಈಗ ಎಲ್ಲರೂ ಕರೆಯುವ ಓಎಂಬಿ ಅದೇ. 1993ರಲ್ಲಿ ಕ್ಲಿಂಟನ್ ರಾಷ್ಟ್ರೀಯ ಆರ್ಥಿಕ ಮಂಡಳಿ ಮಾಡಿ ರಾಬರ್ಟ್ ರೂಬಿನ್ ಅವರನ್ನು ಕೂರಿಸಿದರು. ಆ ಕುರ್ಚಿಗೆ ಸೆನೆಟ್‌ನ ಒಪ್ಪಿಗೆಯೇ ಬೇಡ. ಓಎಂಬಿ ನಿರ್ದೇಶಕರಿಗೆ ಬೇಕು, ಅದೂ 1974ರಿಂದ ಈಚೆಗೆ.

ಓಎಂಬಿಯಲ್ಲಿ ಇರುವುದು ಸುಮಾರು 500 ಜನ. ಕೇಂದ್ರ ಸರ್ಕಾರದ ವರ್ಷದ ಖರ್ಚು ಸುಮಾರು 7 ಲಕ್ಷ ಕೋಟಿ ಡಾಲರ್. ಪ್ರತಿ ಸೆಪ್ಟೆಂಬರ್‌ನಲ್ಲಿ ಇಲಾಖೆಗಳು ತಮಗೆ ಬೇಕಾದ್ದನ್ನು ಬರೆದು ಇವರಿಗೆ ಕೊಡುತ್ತವೆ. ನವೆಂಬರ್ ಕೊನೆ ಹೊತ್ತಿಗೆ ಇವರು ಕೆಂಪು ಗೀಟು ಎಳೆದು ವಾಪಸ್ ಕಳಿಸುತ್ತಾರೆ. ಅದಕ್ಕೆ ‘ಪಾಸ್‌ಬ್ಯಾಕ್’ ಅಂತಾರೆ. ಥ್ಯಾಂಕ್ಸ್‌ಗಿವಿಂಗ್ ರಜೆ ಅಂತ ನಾವು ಟರ್ಕಿ ತಿನ್ನುವವರ ಮನೆಗೆ ಪುಳಿಯೋಗರೆ ತೆಗೆದುಕೊಂಡು ಹೋಗುವ ಹೊತ್ತಿಗೆ ಇಲಾಖೆಯ ಬಜೆಟ್ ನೋಡುವವರು ಆ ಪಾಸ್‌ಬ್ಯಾಕ್ ಹಿಡಿದು ತಲೆ ಚಚ್ಚಿಕೊಳ್ಳುತ್ತಿರುತ್ತಾರೆ.

ಇಲ್ಲಿಯವರೆಗೆ ತಪ್ಪೇನಿಲ್ಲ. ಅಧ್ಯಕ್ಷರ ಮನವಿ, ಅವರ ಸಲಹೆಗಾರರು ಕತ್ತರಿ ಹಾಕಲಿ. ತೊಂದರೆ ಇರುವುದು ಕಾನೂನು ಆದಮೇಲಿನ ಎರಡನೇ ಕತ್ತರಿಯಲ್ಲಿ.

1972ರಲ್ಲಿ ಕಾಂಗ್ರೆಸ್ ಶುದ್ಧ ನೀರಿನ ಕಾನೂನು ಮಾಡಿತು. ನಿಕ್ಸನ್ ವೀಟೋ ಹಾಕಿದರು. ಕಾಂಗ್ರೆಸ್ ವೀಟೋವನ್ನು ತಳ್ಳಿಹಾಕಿತು. ನಿಕ್ಸನ್ ಬಿಡಲಿಲ್ಲ, ಊರುಗಳ ಚರಂಡಿ ನೀರು ಶುದ್ಧ ಮಾಡಲು ಎರಡು ವರ್ಷಕ್ಕೆ ಇಟ್ಟಿದ್ದ 1,100 ಕೋಟಿ ಡಾಲರಿನಲ್ಲಿ 500 ಕೋಟಿಗಿಂತ ಜಾಸ್ತಿ ಹಂಚಬೇಡಿ ಅಂದರು. ವಿಚಿತ್ರ ಅಂದರೆ, ಇಂಥ ಅಧಿಕಾರಕ್ಕೆ ತರ್ಕವೂ ಇಲ್ಲ, ಹಿಂದಿನ ಉದಾಹರಣೆಯೂ ಇಲ್ಲ ಅಂತ 1969ರಲ್ಲೇ ಟಿಪ್ಪಣಿ ಬರೆದವರು ನಿಕ್ಸನ್ ಸರ್ಕಾರದ್ದೇ ವಕೀಲರು, ವಿಲಿಯಂ ರೆಂಕ್ವಿಸ್ಟ್. ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದವರು. ಸಲಹೆಗಾರರು ಸರಿಯಾದ ಸಲಹೆ ಕೊಟ್ಟರು, ಕೇಳುವವರಿಗೆ ಬೇಕಾಗಿರಲಿಲ್ಲ, ಅಷ್ಟೇ. ನ್ಯೂಯಾರ್ಕ್ ನಗರ ಕೋರ್ಟಿಗೆ ಹೋಯಿತು. 1975ರಲ್ಲಿ ಸುಪ್ರೀಂ ಕೋರ್ಟು ಪೂರ್ತಿ ದುಡ್ಡು ಹಂಚಬೇಕು ಅಂದಿತು.

ಅಷ್ಟರಲ್ಲಿ ಕಾಂಗ್ರೆಸ್ಸಿಗೂ ಸಿಟ್ಟು ಬಂದಿತ್ತು. 1974ರ ಜುಲೈ 12ಕ್ಕೆ ಹೊಸ ಕಾನೂನು ಬಂತು. ಅದಕ್ಕೆ ಸಹಿ ಹಾಕಿದವರು ನಿಕ್ಸನ್ನೇ. ಒಂದು ತಿಂಗಳೊಳಗೆ ರಾಜೀನಾಮೆ ಕೊಟ್ಟರು, ಅದು ಬೇರೆ ಕಾರಣಕ್ಕೆ. ಮಂಜೂರಾದ ದುಡ್ಡು ಬೇಡ ಅನ್ನಿಸಿದರೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ಬರೆದು ಕೇಳಬೇಕು, 45 ದಿನದೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಖರ್ಚು ಮಾಡಬೇಕು ಅಂತ ಆ ಕಾನೂನು. ಕಾಂಗ್ರೆಸ್ಸಿಗೆ ತನ್ನದೇ ಲೆಕ್ಕದ ಕಚೇರಿ ಸಿಬಿಓ ಕೂಡ ಸಿಕ್ಕಿತು. ಅದರ ಮೊದಲ ನಿರ್ದೇಶಕಿ ಆಲಿಸ್ ರಿವ್ಲಿನ್. ಇಪ್ಪತ್ತು ವರ್ಷದ ನಂತರ ಅವರೇ ಕ್ಲಿಂಟನ್ ಅವರ ಓಎಂಬಿ ನಿರ್ದೇಶಕಿ ಆದರು.

ಸಲಹೆಗಾರರ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ ಅನ್ನುವುದಕ್ಕೆ ಒಬ್ಬರ ಮಾತು ಸಾಕು. ರೇಗನ್ ಅವರ ಬಜೆಟ್ ಬರೆದ ಡೇವಿಡ್ ಸ್ಟಾಕ್‌ಮನ್‌ಗೆ ಆಗ ಮೂವತ್ತನಾಲ್ಕು ವರ್ಷ. ಈ ಅಂಕಿಗಳೆಲ್ಲ ಏನಾಗುತ್ತಿದೆ ಅಂತ ನಮ್ಮಲ್ಲಿ ಯಾರಿಗೂ ನಿಜವಾಗಿ ಅರ್ಥ ಆಗುತ್ತಿಲ್ಲ ಅಂತ 1981ರಲ್ಲಿ ಒಬ್ಬ ಪತ್ರಕರ್ತರ ಹತ್ತಿರ ಹೇಳಿಬಿಟ್ಟರು. ಅದು ಅಚ್ಚಾಯಿತು. ರೇಗನ್ ಕರೆದು ಬೈದರು, ಕೆಲಸದಿಂದ ತೆಗೆಯಲಿಲ್ಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನ ಬಗ್ಗೆಯೂ ಇದೇ ಎಳೆದಾಟ. ಬೆಳವಣಿಗೆ ಜಾಸ್ತಿಯಾಗಿ ಕೊರತೆ ಇಳಿಯುತ್ತದೆ ಅಂದರು ಅಧ್ಯಕ್ಷರ ಸಲಹೆಗಾರರು. ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಏರುತ್ತದೆ ಅಂದಿತು ಸಿಬಿಓ. ನಾನು ಸಿಬಿಓ ಕಡೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅದು ಒಂದು ಅಡಿಟಿಪ್ಪಣಿ.

ಕಾಂಗ್ರೆಸ್ ಮಂಜೂರು ಮಾಡಿದ ದುಡ್ಡು ಒಂದೇ ಸಲ ಇಲಾಖೆಯ ಕೈಗೆ ಹೋಗುವುದಿಲ್ಲ. ಓಎಂಬಿ ಅದನ್ನು ಕಂತುಗಳಾಗಿ ಬಿಡುತ್ತದೆ. ವರ್ಷದ ದುಡ್ಡು ಆರು ತಿಂಗಳಲ್ಲಿ ಮುಗಿಸಿ ಮತ್ತೆ ಕೈ ಒಡ್ಡಬಾರದು ಅಂತ ಈ ಏರ್ಪಾಡು. ಒಂದು ಸ್ಪ್ರೆಡ್‌ಶೀಟ್, ಸಾಲು ಸಾಲು ಖಾತೆ, ಕೆಳಗೆ ಅಡಿಟಿಪ್ಪಣಿ. ಆ ಟಿಪ್ಪಣಿಗೆ ಕಾನೂನಿನಷ್ಟೇ ಬಲ ಇದೆ, ಮೀರಿದ ಅಧಿಕಾರಿಗೆ ಶಿಕ್ಷೆ ಆಗಬಹುದು. 2019ರ ಜುಲೈ 25ಕ್ಕೆ ಓಎಂಬಿ ಅಂಥದ್ದೊಂದು ಟಿಪ್ಪಣಿ ಹಾಕಿತು. ಉಕ್ರೇನ್‌ಗೆ ರಕ್ಷಣಾ ಇಲಾಖೆ ಕೊಡಬೇಕಾದ ನೆರವಿನಲ್ಲಿ ಇನ್ನೂ ಖರ್ಚಾಗದ ಮೊತ್ತ ಆಗಸ್ಟ್ 5ರವರೆಗೆ ಸಿಗುವುದಿಲ್ಲ, ಅದನ್ನು ಹೇಗೆ ಬಳಸಿದರೆ ಚೆನ್ನ ಅಂತ ಇಲಾಖೆಗಳು ಮಾತಾಡಿಕೊಳ್ಳಬೇಕು ಅಂತ. ಒಂದೇ ವಾಕ್ಯ. ಆಗಸ್ಟ್ 5 ಬಂದಾಗ ತಾರೀಖು ಮುಂದಕ್ಕೆ ಹೋಯಿತು. ಮತ್ತೆ ಮತ್ತೆ ಹೋಯಿತು. ಸೆಪ್ಟೆಂಬರ್ 30ಕ್ಕೆ ದುಡ್ಡಿನ ಅವಧಿಯೇ ಮುಗಿಯುತ್ತಿತ್ತು. ಸುದ್ದಿ ಹೊರಬಿದ್ದು ಸೆಪ್ಟೆಂಬರ್ 11ಕ್ಕೆ ತಡೆ ತೆಗೆದರು. ಆ ಕತೆಯ ಉಳಿದದ್ದು ಟ್ರಂಪ್ ಅವರ ಮಹಾಭಿಯೋಗದವರೆಗೆ ಹೋಯಿತು, ನಿಮಗೆ ಗೊತ್ತೇ ಇದೆ. ಲೆಕ್ಕದ ಭಾಗ ಮಾತ್ರ ಯಾರೂ ಅಷ್ಟು ಗಮನಿಸಲಿಲ್ಲ. 2020ರ ಜನವರಿ 16ಕ್ಕೆ ಜಿಎಓ ತೀರ್ಪು ಕೊಟ್ಟಿತು: ಓಎಂಬಿ ಕಾನೂನು ಮುರಿದಿದೆ. ಕಾನೂನನ್ನು ನಿಷ್ಠೆಯಿಂದ ಜಾರಿ ಮಾಡುವುದು ಅಂದರೆ ಕಾಂಗ್ರೆಸ್ಸಿನ ಆದ್ಯತೆ ತೆಗೆದು ಅಧ್ಯಕ್ಷರು ತಮ್ಮ ಆದ್ಯತೆ ಇಡುವುದಲ್ಲ ಅಂತ ಅದು ಬರೆಯಿತು.

ಅಮ್ಮ ಚೀಟಿ ಬರೆದು ದುಡ್ಡು ಕೊಟ್ಟು ಅಂಗಡಿಗೆ ಕಳಿಸಿದಾಗ ಎಣ್ಣೆ ನಾಲ್ಕು ರೂಪಾಯಿ ಅಗ್ಗಕ್ಕೆ ತಂದರೆ ಜಾಣ. ಎಣ್ಣೆಯೇ ಬೇಡ ಅಂತ ತಾನೇ ತೀರ್ಮಾನ ಮಾಡಿ ಬರಿಗೈಯಲ್ಲಿ ಬಂದರೆ? ಡಾವೆಸ್ ಮೊದಲನೆಯವರು. 2019ರಲ್ಲಿ ಆದದ್ದು ಎರಡನೆಯದು.

2022ರಲ್ಲಿ ಕಾಂಗ್ರೆಸ್ ಈ ಕಂತಿನ ಕಾಗದಗಳನ್ನು ಎಲ್ಲರಿಗೂ ಕಾಣುವಂತೆ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಕಾನೂನು ಮಾಡಿತು. 2025ರ ಮಾರ್ಚ್‌ನಲ್ಲಿ ಓಎಂಬಿ ಆ ಸೈಟನ್ನೇ ತೆಗೆಯಿತು. ಕೋರ್ಟು ವಾಪಸ್ ಹಾಕಿಸಬೇಕಾಯಿತು. ಅದೇ ವರ್ಷ ಜುಲೈ ಕೊನೆಯಲ್ಲಿ ಇನ್ನೊಂದು ಅಡಿಟಿಪ್ಪಣಿ ಸುದ್ದಿಯಾಯಿತು. ಈ ಸಲ ಆರೋಗ್ಯ ಸಂಶೋಧನೆಯ ಎನ್‌ಐಎಚ್ ದುಡ್ಡಿಗೆ. ಹೊರಗಿನ ಲ್ಯಾಬ್‌ಗಳಿಗೆ ಹೋಗುವ ಅನುದಾನ ನಿಂತಿತು, ಗಲಾಟೆ ಆಗಿ ಅವತ್ತೇ ಸಂಜೆ ತೆಗೆದರು. ಬಂಧುಗಳೇ, ಎನ್‌ಐಎಚ್ ಅನುದಾನದಿಂದ ಸಂಬಳ ಬರುವ ಪೋಸ್ಟ್‌ಡಾಕ್ ಒಬ್ಬರೂ ಇಲ್ಲದ ಕನ್ನಡ ಕೂಟ ಎಷ್ಟಿದೆ ಹೇಳಿ? ಆ ಹುಡುಗ ಹುಡುಗಿಯರ ವೀಸಾ ಆ ಸಂಬಳಕ್ಕೆ ಗಂಟು ಬಿದ್ದಿದೆ. ನಾವು ಎಚ್-1ಬಿ ಬಗ್ಗೆ ಕೇಳುತ್ತೇವೆ, ಆ ಟಿಪ್ಪಣಿ ಬಗ್ಗೆ ಕೇಳುವುದಿಲ್ಲ.

ಈಗಿನ ಓಎಂಬಿ ನಿರ್ದೇಶಕ ರಸೆಲ್ ವೋಟ್ ಅವರ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅವರು ಯಾವುದನ್ನೂ ಮುಚ್ಚಿಟ್ಟಿಲ್ಲ. 1974ರ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅನ್ನುವ ನಿಲುವನ್ನು ಸೆನೆಟ್ ಮುಂದೆಯೇ ಸಮರ್ಥಿಸಿಕೊಂಡರು. ಗೊತ್ತಿದ್ದೇ ಸೆನೆಟ್ 2025ರ ಫೆಬ್ರವರಿಯಲ್ಲಿ 53-47ರಲ್ಲಿ ಒಪ್ಪಿತು. ಜೆಫರ್ಸನ್ ಕಾಲದಿಂದಲೂ ಅಧ್ಯಕ್ಷರು ದುಡ್ಡು ತಡೆದಿದ್ದಾರೆ ಅನ್ನುವುದು ಆ ಕಡೆಯವರ ವಾದ. ನಿಜ, 1803ರಲ್ಲಿ ಜೆಫರ್ಸನ್ ತೋಪಿನ ದೋಣಿಗಳಿಗೆ ಕೊಟ್ಟ 50,000 ಡಾಲರ್ ತಕ್ಷಣ ಖರ್ಚು ಮಾಡಲಿಲ್ಲ. ಆದರೆ ಆ ಕಾನೂನು ಹೇಳಿದ್ದು ಹದಿನೈದು ದೋಣಿ ಮೀರದಂತೆ ಅಂತ. ಕಮ್ಮಿ ಮಾಡಿಸಲು ಕಾನೂನೇ ಬಿಟ್ಟಿತ್ತು. ಅದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

2025ರ ಆಗಸ್ಟ್ ಕೊನೆಗೆ ಇನ್ನೂ ಒಂದು ಉಪಾಯ. ವಿದೇಶಿ ನೆರವಿನ 490 ಕೋಟಿ ಡಾಲರ್ ರದ್ದು ಮಾಡಿ ಅಂತ ಕಾಂಗ್ರೆಸ್ಸಿಗೆ ಪತ್ರ ಹೋಯಿತು. ವರ್ಷ ಮುಗಿಯಲು ಉಳಿದಿದ್ದೇ ಒಂದು ತಿಂಗಳು, ಕಾಯಬಹುದಾದ್ದು 45 ದಿನ. ಕಾಂಗ್ರೆಸ್ ಹೂಂ ಅನ್ನದಿದ್ದರೂ ಊಹೂಂ ಅನ್ನದಿದ್ದರೂ ಸೆಪ್ಟೆಂಬರ್ 30ಕ್ಕೆ ದುಡ್ಡು ತಾನಾಗಿ ಸಾಯುತ್ತದೆ. ಇದು ಕಾನೂನಿನ ನೇರ ಉಲ್ಲಂಘನೆ ಅಂದವರು ಸೆನೆಟ್‌ನ ಹಣ ಮಂಜೂರಾತಿ ಸಮಿತಿಯ ಅಧ್ಯಕ್ಷೆ ಸೂಸನ್ ಕಾಲಿನ್ಸ್. ಅವರದು ಟ್ರಂಪ್ ಅವರದ್ದೇ ಪಕ್ಷ. ಸೆಪ್ಟೆಂಬರ್ 26ಕ್ಕೆ ಸುಪ್ರೀಂ ಕೋರ್ಟು ಸದ್ಯಕ್ಕೆ 400 ಕೋಟಿ ತಡೆಹಿಡಿಯಲು ಬಿಟ್ಟಿತು. ದುಡ್ಡು ಸತ್ತಿತು.

ಇಷ್ಟು ಓದಿ ಇದು ಬರೀ ಟ್ರಂಪ್ ವಿರುದ್ಧದ ಪತ್ರ ಅಂದುಕೊಂಡರೆ ಸ್ವಲ್ಪ ತಾಳಿ. ಸಲಹೆಗಾರರು ಅಧ್ಯಕ್ಷರ ಕೆಲಸ ಮಾಡುತ್ತಾರೆ, ಅದಕ್ಕೇ ಅವರಿಗೆ ಸಂಬಳ. ನಾವು ಅವರಿಗೆ ವೋಟು ಹಾಕಿಲ್ಲ, ಅವರನ್ನು ಇಳಿಸಲೂ ಆಗುವುದಿಲ್ಲ. ನನ್ನ ಜಗಳ ನಾವು ವೋಟು ಹಾಕಿ ಕಳಿಸಿದವರ ಜೊತೆ.

ವರ್ಷಕ್ಕೆ 12 ಖರ್ಚಿನ ಬಿಲ್‌ಗಳನ್ನು ಅಕ್ಟೋಬರ್ 1ರೊಳಗೆ ಪಾಸು ಮಾಡುವುದು ಕಾಂಗ್ರೆಸ್ಸಿನ ಕೆಲಸ. 1974ರ ಕಾನೂನು ಬಂದಮೇಲೆ ಎಲ್ಲ ಬಿಲ್‌ಗಳೂ ಹೊತ್ತಿಗೆ ಸರಿಯಾಗಿ ಪಾಸಾದದ್ದು ನಾಲ್ಕೇ ಸಲ. ಕೊನೆಯದು 1996ರ ಸೆಪ್ಟೆಂಬರ್‌ನಲ್ಲಿ. ಆ ವರ್ಷ ಹುಟ್ಟಿದ ನಮ್ಮ ಮಕ್ಕಳಿಗೆ ಈಗ ಗಂಡು ಹೆಣ್ಣು ನೋಡುತ್ತಿದ್ದೇವೆ. ಎರಡೂ ಪಕ್ಷಗಳು ಹೌಸ್ ಆಳಿವೆ, ಸೆನೆಟ್ ಆಳಿವೆ, ಎರಡನ್ನೂ ಒಟ್ಟಿಗೆ ಆಳಿವೆ. ಯಾರಿಗೂ ಆಗಿಲ್ಲ. ಹಳೆ ವರ್ಷದ ಅಂಕಿಯನ್ನೇ ಮುಂದುವರಿಸುವ ತಾತ್ಕಾಲಿಕ ಬಿಲ್, ಅದೂ ಆಗದಿದ್ದರೆ ಶಟ್‌ಡೌನ್, ಅಂದರೆ ದುಡ್ಡಿಲ್ಲದೆ ಸರ್ಕಾರಿ ಕಚೇರಿಗಳಿಗೆ ಬೀಗ. 1995-96ರಲ್ಲಿ 21 ದಿನ, 2018-19ರಲ್ಲಿ 35 ದಿನ, 2025ರಲ್ಲಿ 43 ದಿನ. 2025ರ ನವೆಂಬರ್ 12ಕ್ಕೆ ಬಾಗಿಲು ತೆರೆದಾಗ 12ರಲ್ಲಿ ಪೂರ್ತಿ ವರ್ಷಕ್ಕೆ ಆಗಿದ್ದದ್ದು ಮೂರು. ಉಳಿದ ಒಂಬತ್ತಕ್ಕೆ 2026ರ ಜನವರಿ 30ರ ಗಡುವು ಹಾಕಿಕೊಂಡರು.

ತಡ ಆದಷ್ಟೂ ಕಾನೂನಿನಲ್ಲಿ ವಿವರ ಕಮ್ಮಿ. ಯಾವುದಕ್ಕೆ ಎಷ್ಟು ಅಂತ ಸಮಿತಿ ಬರೆಯುವ ಪಟ್ಟಿ ತಾತ್ಕಾಲಿಕ ಬಿಲ್‌ನಲ್ಲಿ ಇರುವುದಿಲ್ಲ. ವಿವರ ಇಲ್ಲದ ಕಡೆ ಓಎಂಬಿ ತನ್ನ ವಿವರ ಬರೆಯುತ್ತದೆ. ಮತ್ತೆ ಶಟ್‌ಡೌನ್ ಆದಾಗ ಯಾವ ಕಚೇರಿ ತೆರೆದಿರಬೇಕು, ಯಾವುದು ಮುಚ್ಚಬೇಕು ಅಂತ ಇಲಾಖೆಗಳಿಗೆ ಸೂಚನೆ ಕೊಡುವವರು ಯಾರು? ಅವರೇ. ಕಾಂಗ್ರೆಸ್ ಕೆಲಸ ನಿಲ್ಲಿಸಿದಷ್ಟೂ ಸಲಹೆಗಾರರ ಕೈ ಉದ್ದ ಆಗುತ್ತದೆ. ಹಣ ಮಂಜೂರು ಮಾಡುವ ಕ್ರಮದಲ್ಲಿ ಎರಡು ಪಕ್ಷಗಳ ಹೊಂದಾಣಿಕೆ ಕಮ್ಮಿ ಆಗಬೇಕು ಅಂತ ಓಎಂಬಿಯ ರಸೆಲ್ ವೋಟ್ ಅವರು 2025ರ ಜುಲೈನಲ್ಲಿ ಬಹಿರಂಗವಾಗಿ ಹೇಳಿದರು. ಸೆನೆಟ್‌ನಲ್ಲಿ ಖರ್ಚಿನ ಬಿಲ್‌ಗೆ 60 ವೋಟು ಬೇಕು. ಹೊಂದಾಣಿಕೆ ಇಲ್ಲದೆ 60 ಎಲ್ಲಿಂದ ಬರುತ್ತದೆ?

ಖರ್ಚು ಇಳಿಸಬೇಕು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಸಾಲ 38 ಲಕ್ಷ ಕೋಟಿ ಡಾಲರ್ ದಾಟಿದೆ, ವರ್ಷದ ಬಡ್ಡಿಯೇ ಸುಮಾರು 1 ಲಕ್ಷ ಕೋಟಿ. ಆದರೆ ಸಲಹೆಗಾರರು ತಡೆಹಿಡಿಯುವ ದುಡ್ಡು ಇರುವುದು ಪ್ರತಿ ವರ್ಷ ವೋಟಿಗೆ ಬರುವ ಭಾಗದಲ್ಲಿ. ಅದು ಒಟ್ಟು ಖರ್ಚಿನ ಸುಮಾರು ಕಾಲು ಭಾಗ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ವಯಸ್ಸಾದವರ ಆರೋಗ್ಯ ವಿಮೆ ಮೆಡಿಕೇರ್, ಬಡ್ಡಿ ಇವೆಲ್ಲ ವೋಟಿಲ್ಲದೆ ಹರಿಯುತ್ತಿರುತ್ತವೆ. ಅಲ್ಲಿ ಕೈ ಇಡಲು ಕಾನೂನು ಬೇಕು, ಕಾನೂನಿಗೆ ಧೈರ್ಯ ಬೇಕು. ಲ್ಯಾಬಿನ ಅನುದಾನಕ್ಕೆ, ಬಡ ಮಕ್ಕಳ ಹೆಡ್ ಸ್ಟಾರ್ಟ್ ಶಾಲೆಗೆ ಕತ್ತರಿ ಹಾಕಲು ಒಂದು ಅಡಿಟಿಪ್ಪಣಿ ಸಾಕು. ಇವೆರಡರ ದುಡ್ಡನ್ನೂ ತಡೆದದ್ದು ಕಾನೂನಿಗೆ ವಿರುದ್ಧ ಅಂತ ಜಿಎಓ 2025ರಲ್ಲಿ ಹೇಳಿತು. ಜಿಎಓಗೆ ಕೋರ್ಟಿಗೆ ಹೋಗುವ ಅಧಿಕಾರ ಇದೆ. ಕಾಂಗ್ರೆಸ್ ಬೆನ್ನಿಗೆ ನಿಲ್ಲದಿದ್ದರೆ ಅದು ಯಾವ ಧೈರ್ಯದ ಮೇಲೆ ಹೋಗಬೇಕು?

ಹಾಗಾಗಿ ನಿಮ್ಮ ಕೂಟಕ್ಕೆ ಅಭ್ಯರ್ಥಿ ಬಂದರೆ, ಯಾವ ಪಕ್ಷದವರೇ ಆಗಲಿ, ಭಾಷಣಕ್ಕೆ ಬಿಡುವ ಮೊದಲು ಕೇಳಿ. 12 ಬಿಲ್‌ಗಳಲ್ಲಿ ಎಷ್ಟು ಪಾಸಾಗುವವರೆಗೆ ನೀವು ಆಗಸ್ಟ್ ರಜೆಗೆ ಊರಿಗೆ ಬರುವುದಿಲ್ಲ ಅಂತ ಕೇಳಿ. ಓಎಂಬಿಯ ಕಂತಿನ ಕಾಗದ ಸಾರ್ವಜನಿಕವಾಗಿ ಇರಬೇಕೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ ಅನ್ನಿ. ವರ್ಷದ ಕೊನೆಗೆ ಪತ್ರ ಕಳಿಸಿ ದುಡ್ಡು ಸಾಯಿಸುವ ದಾರಿ ಮುಚ್ಚುವ ಬಿಲ್‌ಗೆ ವೋಟು ಹಾಕುತ್ತೀರಾ ಅಂತ ಕೇಳಿ. ನಿಮ್ಮ ಪಕ್ಷದವರೇ ಅಧ್ಯಕ್ಷರಾಗಿದ್ದರೂ ಹಾಕುತ್ತೀರಾ ಅಂತ ಸೇರಿಸುವುದನ್ನು ಮರೆಯಬೇಡಿ, ಅಸಲಿ ಪ್ರಶ್ನೆ ಅದೇ. ಹಾಲಿ ಸದಸ್ಯರಾದರೆ ಈ ವಿಷಯದಲ್ಲಿ ಈವರೆಗೆ ಹೇಗೆ ವೋಟು ಹಾಕಿದ್ದಾರೆ ಅಂತ ಮೊದಲೇ ನೋಡಿಕೊಂಡು ಹೋಗಿ, ಅದೆಲ್ಲ ದಾಖಲೆಯಲ್ಲಿ ಇರುತ್ತದೆ. ‘ತುಂಬಾ ಒಳ್ಳೆ ಪ್ರಶ್ನೆ’ ಅಂದು ಜಾರಿಕೊಂಡರೆ ಇನ್ನೊಬ್ಬರು ಎದ್ದು ಅದೇ ಪ್ರಶ್ನೆ ಕೇಳಿ. ಕೂಟದ ಪದಾಧಿಕಾರಿಗಳು ಮುಜುಗರ ಪಡುತ್ತಾರೆ, ಅತಿಥಿಗಳನ್ನು ಹೀಗೆ ಕೇಳಬಾರದು ಅನ್ನುತ್ತಾರೆ. ವೋಟು ಕೇಳಲು ಬಂದವರು ಅತಿಥಿಗಳಲ್ಲ ಅಂತ ಮೆಲ್ಲಗೆ ಹೇಳಿ.

ಏನೇ ಆದರೂ ಊಟಕ್ಕೆ ಮುಂಚೆ ಕೇಳಿ. ಬಿಸಿಬೇಳೆಬಾತ್ ಬಡಿಸುವ ಹೊತ್ತಿಗೆ ಅವರು ಮುಂದಿನ ಕಾರ್ಯಕ್ರಮಕ್ಕೆ ಹೊರಟಿರುತ್ತಾರೆ.

ಇತಿ,
ನಿಮ್ಮಂತೆಯೇ ವೋಟು ಇರುವ ಒಬ್ಬ ಕನ್ನಡಿಗ